ಊರು ಬಿಟ್ಟವಳ ಫೋಟೋ ತೆಗೆದವರು ಯಾರು?

(ನಿಟ್ಟೆಯಲ್ಲಿ ನಡೆದ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಫೋಟೋಗಳ ಬಗ್ಗೆ ಮಾತಾಡುತ್ತೇನೆ. ವರದಕ್ಷಿಣೆ, ಹೊಡೆತ ಬಡಿತ, ಕೋರ್ಟು ಕಚೇರಿ ಎಂದು ಮಾತಾಡುವವಳು ಇದ್ದಕ್ಕಿದ್ದಂತೆ ಫೋಟೋ ಹಿಡಿದುಕೊಂಡು ಬಂದಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ಊರು, ಮನೆ ಬಿಟ್ಟು ಹೋಗಬೇಕಾಗಿ ಬಂದ ಜನರ ಫೋಟೋಗಳು ಇವು. ಯುದ್ಧ, ದೇಶವಿಭಜನೆ, ಅಣೆಕಟ್ಟು, ಬಂದರು, ಬರ, ಕಾರಣ ಯಾವುದಾದರೂ ಇರಲಿ. ಇಂಥ ಫೋಟೋಗಳನ್ನು ನೋಡುತ್ತಾ ಹೋದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹೆಚ್ಚಿನವುಗಳಲ್ಲಿ ನಡುವೆ ಇರುವವಳು ಹೆಂಗಸು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು. ಆದರೆ ಅವಳ ಹೆಸರು ಮಾತ್ರ ಕೆಳಗೆ ಇರುವುದಿಲ್ಲ.

ಮೊದಲು ಒಂದು ಶಬ್ದದ ವಿಷಯ ಹೇಳುತ್ತೇನೆ. ಸರಕಾರ ಜಾಗ ವಶಪಡಿಸಿಕೊಂಡು ಒಕ್ಕಲೆಬ್ಬಿಸಿದರೆ ಅವರನ್ನು ನಿರ್ವಸಿತರು ಎನ್ನುತ್ತೇವೆ, ಸಂತ್ರಸ್ತರು ಎನ್ನುತ್ತೇವೆ. ಪರದೇಶದಿಂದ ಓಡಿಬಂದರೆ ನಿರಾಶ್ರಿತರು. ಅವರ ಹೆಸರಿನಲ್ಲಿ ಸಮಿತಿ ಇದೆ, ಕಡತ ಇದೆ, ಪರಿಹಾರ ಸಿಗಲಿ ಸಿಗದಿರಲಿ ಅರ್ಜಿ ಹಾಕಲು ಒಂದು ಕಚೇರಿಯಾದರೂ ಇದೆ. ಗಂಡನ ಮನೆಯಿಂದ ರಾತ್ರಿ ಹನ್ನೊಂದು ಗಂಟೆಗೆ ಹೊರಗೆ ಹಾಕಲ್ಪಟ್ಟ ಹೆಣ್ಣಿಗೆ ನಮ್ಮಲ್ಲಿ ಏನೆನ್ನುತ್ತಾರೆ? 'ತವರಿಗೆ ಬಂದು ಕೂತಿದ್ದಾಳೆ' ಎನ್ನುತ್ತಾರೆ. ಕೂತಿದ್ದಾಳಂತೆ! ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಗೆ ಹೋಗಿ, ಅಣ್ಣನ ಮನೆಯ ಪಾತ್ರೆ ತೊಳೆದು ಬದುಕುವವಳನ್ನು ಕೂತವಳು ಎನ್ನುತ್ತೇವೆ. ಅವಳೂ ನಿರ್ವಸಿತೆಯೇ ಎಂದು ನಾನು ತಿಳಿದಿದ್ದೇನೆ. ಅದಕ್ಕಾಗಿಯೇ ಈ ಫೋಟೋಗಳು ನಮಗೆ ಬೇಕು.

ನಮ್ಮ ಹತ್ತಿರದ್ದನ್ನೇ ನೋಡಿ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಬಂದರಿನ ಫೋಟೋ ಎಂದರೆ ನಮ್ಮ ಕಣ್ಣಿಗೆ ಬರುವುದು ಹಡಗು, ಕ್ರೇನು, ಅತಿಥಿಗಳು. ಅಲ್ಲಿ ಗದ್ದೆ, ತೆಂಗಿನ ತೋಟ, ದೈವದ ಗುಡಿ, ಬಾವಿ ಎಲ್ಲ ಇದ್ದವು. ಅಲ್ಲಿಂದ ಎದ್ದ ಜನರಿಗೆ ಕಾಟಿಪಳ್ಳದ ಕಡೆ ಗುಡ್ಡದ ಮೇಲೆ ನಿವೇಶನ ಕೊಟ್ಟರು. ಆಮೇಲೆ ತೈಲ ಶುದ್ಧೀಕರಣ ಕಾರ್ಖಾನೆ ಬಂತು, ವಿಶೇಷ ಆರ್ಥಿಕ ವಲಯ ಬಂತು, ಈಚೆ ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬಂತು. ಪ್ರತಿ ಬಾರಿಯೂ ಗದ್ದೆ ಹೋಯಿತು, ಹಣ ಬಂತು. ಹಣ ಬಂದದ್ದು ಯಾರ ಕೈಗೆ? ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಕೈಗೆ. ಹೆಂಗಸಿನ ಹೆಸರು ಪಹಣಿಯಲ್ಲಿ ಎಷ್ಟು ಕಡೆ ಇದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. 2013ರ ಭೂಸ್ವಾಧೀನ ಕಾನೂನು 2014ರ ಜನವರಿ 1ರಿಂದ ಜಾರಿಯಲ್ಲಿದೆ. ವಿಧವೆ, ವಿಚ್ಛೇದಿತೆ ಮತ್ತು ಕುಟುಂಬದವರು ಕೈಬಿಟ್ಟ ಹೆಂಗಸರನ್ನು ಪ್ರತ್ಯೇಕ ಕುಟುಂಬವೆಂದು ಎಣಿಸಬೇಕು ಎಂದು ಅದರಲ್ಲಿ ಬರೆದಿದೆ. ಅಂದರೆ 'ತವರಿಗೆ ಬಂದು ಕೂತವಳು' ಅಣ್ಣನ ಕುಟುಂಬದ ಲೆಕ್ಕಕ್ಕೆ ಸೇರಿ ಮಾಯವಾಗಬೇಕಾಗಿಲ್ಲ. ಪುನರ್ವಸತಿಯಲ್ಲಿ ಅವಳದ್ದೇ ಲೆಕ್ಕ ಕೇಳಬಹುದು. ಸರ್ವೆಗೆ ಬಂದವರ ಮುಂದೆ ಅವಳು ತಾನೇ ಬಂದು ನಿಂತು ಹೇಳಬೇಕು, ಅಷ್ಟೆ. ಆ ಅಷ್ಟೇ ನಮಗೆ ಕಷ್ಟ.

ಘಟ್ಟದ ಮೇಲಿನ ಕಥೆಯೂ ಇದೇ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲೂಕುಗಳ ಊರುಗಳು ಮುಳುಗಿದವು. ನಾ. ಡಿಸೋಜರು ಈ ಮುಳುಗಡೆಯ ಬಗ್ಗೆ ಜೀವಮಾನವಿಡೀ ಬರೆದರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಅದರ ನಾಗಿಯ ಪಾತ್ರದಲ್ಲಿ ಸೌಂದರ್ಯ ನೀರಿನ ನಡುವೆ ಮನೆ ಉಳಿಸಿಕೊಳ್ಳುವ ಪಾಡನ್ನು ನಿಮ್ಮಲ್ಲಿ ಕೆಲವರು ಟಿ.ವಿ.ಯಲ್ಲಿ ನೋಡಿರಬಹುದು. ಆ ಕತ್ತಲೆಯಲ್ಲಿ ಮುಳುಗಿದವರಿಂದ ನಾಡಿಗೆಲ್ಲ ಬೆಳಕು ಬಂತು. ಹಿನ್ನೀರಿನ ಆಚೆಗೆ ಉಳಿದವರು ಲಾಂಚಿಗಾಗಿ ಕಾದು ಕಾದು, ಸಿಗಂದೂರಿಗೆ ಹೋಗುವ ಸೇತುವೆ ಆದದ್ದು 2025ರ ಜುಲೈಯಲ್ಲಿ. ಅರುವತ್ತು ವರ್ಷ! ಹೆರಿಗೆ ನೋವು ಬಂದವಳು ಆ ಅರುವತ್ತು ವರ್ಷದಲ್ಲಿ ರಾತ್ರಿ ಹೊತ್ತು ಏನು ಮಾಡಿರಬೇಕು?

ಈಗ ಫೋಟೋಗಳಿಗೆ ಬರುತ್ತೇನೆ.

1947. ಹೋಮಾಯ್ ವ್ಯಾರವಾಲಾ ಎಂಬ ಪಾರ್ಸಿ ಹೆಣ್ಣುಮಗಳು, ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಟು, ಭಾರವಾದ ಕ್ಯಾಮರಾ ಹೊತ್ತು ದೆಹಲಿಯಲ್ಲೆಲ್ಲ ಓಡಾಡಿದವರು. ದೇಶವಿಭಜನೆಗೆ ಒಪ್ಪಿಗೆ ಕೊಟ್ಟ ಆ ವರ್ಷದ ಜೂನ್ ತಿಂಗಳ ಕಾಂಗ್ರೆಸ್ ಸಭೆಯಲ್ಲಿ ಕೈ ಎತ್ತಿದ ನಾಯಕರ ಫೋಟೋ ಅವರು ತೆಗೆದದ್ದು. ಅದೇ ವರ್ಷ ಅಮೆರಿಕದ 'ಲೈಫ್' ಪತ್ರಿಕೆಗಾಗಿ ಮಾರ್ಗರೆಟ್ ಬೂರ್ಕ್ ವೈಟ್ ಎಂಬಾಕೆ ಪಂಜಾಬಿನಲ್ಲಿ ತೆಗೆದ ಫೋಟೋಗಳಲ್ಲಿ ಎತ್ತಿನ ಗಾಡಿಗಳ ಸಾಲು, ಹೆಗಲ ಮೇಲೆ ಮುದುಕಿಯರನ್ನು ಹೊತ್ತ ಗಂಡಸರು, ಧೂಳಿನಲ್ಲಿ ನಡೆಯುವ ಹೆಂಗಸರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಕೈ ಎತ್ತಿದವರು ಬೇರೆ, ಕಾಲು ಸವೆಸಿದವರು ಬೇರೆ. ನಮ್ಮ ಮನೆಗಳಲ್ಲೂ ಹೆಣ್ಣಿನ ಮದುವೆ ಮಾತುಕತೆಗೆ ಕೈ ಎತ್ತುವವರು ಯಾರು, ನಡೆಯುವವಳು ಯಾರು ಎಂದು ಒಮ್ಮೆ ಯೋಚಿಸಿ.

ಆದರೆ ಬೂರ್ಕ್ ವೈಟ್ ಅವರ ಬಗ್ಗೆ ಇನ್ನೊಂದು ಮಾತೂ ಇದೆ. ಒಳ್ಳೆಯ ಚಿತ್ರ ಸಿಗಲಿ ಎಂದು ಆಕೆ ಆ ಸೋತ ಜನರನ್ನು ಹಿಂದಕ್ಕೆ ಕಳಿಸಿ ಮತ್ತೆ ಮತ್ತೆ ನಡೆಸಿದರಂತೆ. ಜೊತೆಗಿದ್ದ ವರದಿಗಾರ್ತಿಯೇ ಇದನ್ನು ಮುಂದೆ ಹೇಳಿದ್ದಾರೆ. ಬೇಡ ಎನ್ನಲೂ ಅವರಿಗೆ ಹೆದರಿಕೆಯಾಗಿತ್ತಂತೆ. ಮನೆ ಕಳೆದುಕೊಂಡವರಿಗೆ ಇದು ಎರಡನೆಯ ಪೆಟ್ಟು.

ವಿಭಜನೆಯ ಕಾಲದಲ್ಲಿ ಅಪಹರಣಕ್ಕೊಳಗಾದ ಹೆಂಗಸರನ್ನು ಹುಡುಕಿ ವಾಪಸು ತರಲು 1949ರಲ್ಲಿ ಒಂದು ಕಾನೂನನ್ನೇ ಮಾಡಿದರು. ವಾಪಸು ಬರಲು ಮನಸ್ಸಿದೆಯೇ ಎಂದು ಅವರನ್ನು ಕೇಳಬೇಕೆಂದು ಆ ಕಾನೂನಿಗೆ ಅನ್ನಿಸಲಿಲ್ಲ. ಎಷ್ಟೋ ಮಂದಿಯನ್ನು ತವರಿನವರು ಒಳಗೆ ಬಿಡಲೂ ಇಲ್ಲ. ಅವರ ಕಥೆಯನ್ನು ನಮ್ಮ ಚಳವಳಿಯ ಊರ್ವಶಿ ಬುಟಾಲಿಯ, ರಿತು ಮೆನನ್, ಕಮಲಾ ಭಾಸಿನ್ ಮೊದಲಾದವರು 1998ರ ಹೊತ್ತಿಗೆ ಪುಸ್ತಕಗಳಲ್ಲಿ ಬರೆದರು. ಐವತ್ತು ವರ್ಷ ಬೇಕಾಯಿತು.

ಇನ್ನೊಂದು ಫೋಟೋ ಜಗತ್ಪ್ರಸಿದ್ಧವಾದದ್ದು. 1936ರ ಮಾರ್ಚ್ ತಿಂಗಳು, ಅಮೆರಿಕದ ಕ್ಯಾಲಿಫೋರ್ನಿಯ. ಆರ್ಥಿಕ ಕುಸಿತದಿಂದಲೂ ಬರದಿಂದಲೂ ಲಕ್ಷಾಂತರ ಜನ ಊರು ಬಿಟ್ಟು ಕೂಲಿಗೆ ಅಲೆಯುತ್ತಿದ್ದ ಕಾಲ. ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಬೆಳೆ ಹಿಮಕ್ಕೆ ಸತ್ತು ಹೋಗಿ ಕೆಲಸವೇ ಇರಲಿಲ್ಲ. ಡೊರೊಥಿಯ ಲಾಂಜ್ ಎಂಬ ಛಾಯಾಗ್ರಾಹಕಿ ಸರಕಾರಿ ಇಲಾಖೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದವರು, ಬಿಡಾರದ ಬೋರ್ಡು ನೋಡಿ ಇಪ್ಪತ್ತು ಮೈಲಿ ಮುಂದೆ ಹೋದಮೇಲೆ ಗಾಡಿ ತಿರುಗಿಸಿ ಬಂದರು. ಹರಕು ಡೇರೆಯಲ್ಲಿ ಕುಳಿತ ಒಬ್ಬ ತಾಯಿ, ಕೆನ್ನೆಗೆ ಕೈಕೊಟ್ಟಿದ್ದಾಳೆ, ಎರಡು ಮಕ್ಕಳು ಅವಳ ಹೆಗಲಿಗೆ ಮುಖ ಮರೆಸಿಕೊಂಡಿವೆ, ಮಡಿಲಲ್ಲಿ ಒಂದು ಕೂಸು. ವಯಸ್ಸು 32. ನೋಡಿದರೆ ಐವತ್ತು ಎನ್ನುತ್ತೀರಿ.

ಫೋಟೋ ಪತ್ರಿಕೆಯಲ್ಲಿ ಬಂತು. ಸರಕಾರ ಆ ಬಿಡಾರಕ್ಕೆ ಇಪ್ಪತ್ತು ಸಾವಿರ ಪೌಂಡು ಆಹಾರ ಕಳಿಸಿತು. ಅಷ್ಟು ಹೊತ್ತಿಗೆ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಕೂಲಿ ಹುಡುಕುತ್ತಾ ಮುಂದಿನ ಊರಿಗೆ ಹೋಗಿಯಾಗಿತ್ತು. ಅವಳಿಂದಾಗಿ ಬೇರೆಯವರ ಹೊಟ್ಟೆ ತುಂಬಿತು ಎಂಬುದು ಸಣ್ಣ ವಿಷಯವಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೆಸರನ್ನಾಗಲಿ ಕಥೆಯನ್ನಾಗಲಿ ನಾನು ಕೇಳಲಿಲ್ಲ ಎಂದು ಲಾಂಜ್ ತಾವೇ ಬರೆದಿದ್ದಾರೆ. ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಚಿತ್ರದ ಅಂದ ಕೆಡಿಸುತ್ತದೆ ಎಂದು ಅದನ್ನು ಆಮೇಲೆ ಅಳಿಸಿಹಾಕಿಸಿದರು! ನಲವತ್ತೆರಡು ವರ್ಷ ಆಕೆ ಬರೀ 'ವಲಸೆ ತಾಯಿ'. 1978ರಲ್ಲಷ್ಟೇ ಲೋಕಕ್ಕೆ ಗೊತ್ತಾಯಿತು, ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಆಕೆ ಅಮೆರಿಕದ ಮೂಲನಿವಾಸಿ ಚೆರೋಕಿ ಜನಾಂಗದವಳು ಎಂದು. ಅಂದರೆ ಬಿಳಿಯರು ಬಂದು ಒಕ್ಕಲೆಬ್ಬಿಸಿದ ಜನಾಂಗದವಳು. ನನ್ನ ಫೋಟೋದಿಂದ ನನಗೆ ಒಂದು ಕಾಸೂ ಸಿಗಲಿಲ್ಲ, ಅದನ್ನು ತೆಗೆಯದಿದ್ದರೇ ಚೆನ್ನಾಗಿತ್ತು ಎಂಬುದು ಆಕೆಯ ಮಾತಿನ ಸಾರ. 1983ರಲ್ಲಿ ಕಾಯಿಲೆ ಬಿದ್ದಾಗ ಮಕ್ಕಳು ಮೊರೆಯಿಟ್ಟ ಮೇಲೆ ಜನ ಹಣ ಕಳಿಸಿದರು. ಅದೇ ವರ್ಷ ತೀರಿಕೊಂಡಳು.

ಆಫ್ಘಾನಿಸ್ತಾನದ ಹಸಿರು ಕಣ್ಣಿನ ಹುಡುಗಿಯ ಫೋಟೋವನ್ನು ನೀವು ಎಲ್ಲಿಯಾದರೂ ನೋಡಿಯೇ ಇರುತ್ತೀರಿ. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದದ್ದು, ಮರುವರ್ಷ ಒಂದು ದೊಡ್ಡ ಪತ್ರಿಕೆಯ ಮುಖಪುಟ. ಶರ್ಬತ್ ಗುಲಾ ಎಂಬ ಆ ಹೆಣ್ಣು ತನ್ನ ಫೋಟೋವನ್ನು ತಾನು ನೋಡಿದ್ದು 2002ರಲ್ಲಿ! 2016ರಲ್ಲಿ ಪಾಕಿಸ್ತಾನದಲ್ಲಿ ಸುಳ್ಳು ಗುರುತುಚೀಟಿಯ ಆರೋಪದ ಮೇಲೆ ಬಂಧಿಸಿ ಗಡೀಪಾರು ಮಾಡಿದರು, 2021ರಲ್ಲಿ ಆಫ್ಘಾನಿಸ್ತಾನದಿಂದಲೂ ಹೊರಟು ಇಟಲಿ ಸೇರಬೇಕಾಯಿತು. ಜಗತ್ತಿಗೆಲ್ಲ ಗುರುತಿರುವ ಮುಖ, ಗುರುತುಚೀಟಿಗೆ ಮಾತ್ರ ಗತಿಯಿಲ್ಲ.

ಇದೆಲ್ಲ ದೂರದ್ದು ಎನ್ನಬೇಡಿ. ಕೆಲವು ವರ್ಷಗಳ ಹಿಂದೆ ನಮ್ಮ ಬಳಿಗೆ ಒಬ್ಬ ತಂಗಿ ಬಂದಿದ್ದಳು. ಊರಿನ ಹೆಸರು ಬೇಡ. ಮುಖ ಬಾತುಹೋಗಿತ್ತು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಜೊತೆಗೆ ಏಳನೇ ತರಗತಿಯ ಮಗಳು. ನಾವು ದೂರು ಬರೆಸುತ್ತಾ ಇರುವಾಗ ಯಾರೋ ಒಬ್ಬರು ಫೋಟೋ ತೆಗೆದುಕೊಂಡು ಹೋದರು. ಮರುದಿನ ಒಂದು ಪತ್ರಿಕೆಯಲ್ಲಿ ಬಂತು, ಹೆಸರು ಸಮೇತ, ಅನುಕಂಪದ ಶೀರ್ಷಿಕೆಯ ಜೊತೆಗೆ. ಆ ಪುಟ ಮಗಳ ಶಾಲೆಯವರೆಗೂ ಹೋಯಿತು. ಹುಡುಗಿ ಶಾಲೆಗೆ ಹೋಗಲು ಒಲ್ಲೆನೆಂದಳು. ಗಂಡನ ಊರು ಬಿಟ್ಟು ತವರಿಗೆ ಬಂದಿದ್ದ ಆ ತಂಗಿ ಈಗ ತವರಿನ ಊರನ್ನೂ ಬಿಟ್ಟಳು. ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಹೊಡೆದವನ ಫೋಟೋ ಯಾಕೆ ಹಾಕಲಿಲ್ಲ ಎಂದು ನಾನು ಕೇಳಿದೆ. ಅದು ಮಾನನಷ್ಟ ಮೊಕದ್ದಮೆ ಆಗುತ್ತದೆ ಎಂದರು. ಅವನಿಗೆ ಮಾನ ಇದೆ!

ಅತ್ಯಾಚಾರಕ್ಕೊಳಗಾದ ಹೆಣ್ಣಿನ ಹೆಸರು, ಗುರುತು ಪ್ರಕಟಿಸುವುದು 1983ರಿಂದಲೇ ಅಪರಾಧ. ಹೊಸ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲೂ ಅದು ಇದೆ. ಹೊಡೆತ ತಿಂದ ಹೆಂಡತಿಯ ವಿಷಯದಲ್ಲಿ ಅಂಥ ಬೇಲಿ ಇಲ್ಲ. ಆದ್ದರಿಂದ ಬೇಲಿ ಹಾಕಬೇಕಾದವರು ನಾವೇ. ನಮ್ಮ ಗುಂಪಿನ ವಾಟ್ಸಾಪಿನಲ್ಲಿ 'ಪಾಪ ನೋಡಿ' ಎಂದು ಹಾಕುವ ಫೋಟೋಗಳಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಫೋಟೋವೇ ಬೇಡವೇ? ಬೇಕು. ಹೇಗೆ ಎಂಬುದಕ್ಕೆ ನನಗೆ ಮೆಚ್ಚುಗೆಯಾದ ಒಂದು ಉದಾಹರಣೆ ಶೀಬಾ ಛಾಛಿ ಎಂಬವರ ಕೆಲಸ. 1980ರ ಸುಮಾರಿಗೆ ದೆಹಲಿಯಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಹೆಂಗಸರು ಬೀದಿಗಿಳಿದಾಗ ಅವರೂ ಜೊತೆಯಲ್ಲೇ ಇದ್ದು ಘೋಷಣೆ ಕೂಗುತ್ತಾ ಫೋಟೋ ತೆಗೆದವರು. ಆ ಪ್ರತಿಭಟನೆಗಳಲ್ಲಿ ಮುಂದೆ ನಿಂತವರು ಸತ್ಯರಾಣಿ ಛಡ್ಡಾ. 1979ರಲ್ಲಿ ಅವರ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಆಗ 498ಎ ಇಲ್ಲ, ವರದಕ್ಷಿಣೆ ಸಾವಿನ ಕಲಂ ಇಲ್ಲ. ಸ್ಟವ್ ಸಿಡಿಯಿತು ಎಂದರೆ ಕಡತ ಮುಚ್ಚಿತು. ಇಂಥ ತಾಯಂದಿರು ಬೀದಿಯಲ್ಲಿ ನಿಂತದ್ದರಿಂದಲೇ 1983ರಲ್ಲಿ 498ಎ ಬಂತು, 1986ರಲ್ಲಿ 304ಬಿ ಬಂತು. ಈಗ 2024ರ ಜುಲೈಯಿಂದ ಅವು ನ್ಯಾಯ ಸಂಹಿತೆಯ 85, 86 ಮತ್ತು 80ನೇ ಕಲಮುಗಳಾಗಿವೆ.

ಶೀಬಾ ಅವರಿಗೆ ವರ್ಷಗಳು ಕಳೆದಂತೆ ಒಂದು ಕಸಿವಿಸಿ ಶುರುವಾಯಿತು. ಪ್ರತಿಭಟನೆಯ ಫೋಟೋಗಳಲ್ಲಿ ಹೆಂಗಸು ಎಂದರೆ ಎತ್ತಿದ ಮುಷ್ಟಿ, ತೆರೆದ ಬಾಯಿ. ಅವಳ ಉಳಿದ ಬದುಕು ಎಲ್ಲಿ? ತೆಗೆಯುವವರು ತೆಗೆಯುತ್ತೇವೆ, ಅವಳ ಮಾತು ಎಲ್ಲಿ? 1990ರ ಹೊತ್ತಿಗೆ ಅವರು ಚಳವಳಿಯ ಏಳು ಮಂದಿ ಹೆಂಗಸರ ಬಳಿಗೆ ಹೋಗಿ, ನಿಮ್ಮ ಫೋಟೋವನ್ನು ನೀವೇ ನಿರ್ಧರಿಸಿ ಎಂದರು. ಎಲ್ಲಿ ಕೂರಬೇಕು, ಹೇಗೆ ಕೂರಬೇಕು, ಪಕ್ಕದಲ್ಲಿ ಯಾವ ವಸ್ತು ಇರಬೇಕು, ಎಲ್ಲವನ್ನೂ ಆ ಹೆಂಗಸರೇ ಆರಿಸಿಕೊಂಡರು. 'ಏಳು ಬದುಕುಗಳು ಮತ್ತು ಒಂದು ಕನಸು' ಎಂಬರ್ಥದ ಹೆಸರಿನಲ್ಲಿ ಆ ಚಿತ್ರಮಾಲೆ ಬಂತು. ಸತ್ಯರಾಣಿ ಆರಿಸಿದ ಜಾಗ ಯಾವುದು ಗೊತ್ತೇ? ಸುಪ್ರೀಂ ಕೋರ್ಟು. ಮಗಳಿಗಾಗಿ ಅಲೆದು ಅಲೆದು ಅದೇ ಅವರ ಮನೆಯಂತಾಗಿತ್ತು. ಏಳು ಮಂದಿಯಲ್ಲಿ ಶಹಜಹಾನ್ ಆಪಾ ಕೂಡ ಇದ್ದರು. ಮಗಳನ್ನು ಹಾಗೆಯೇ ಕಳೆದುಕೊಂಡವರು. ಈ ಇಬ್ಬರು ತಾಯಂದಿರು ಸೇರಿ 1987ರಲ್ಲಿ 'ಶಕ್ತಿ ಶಾಲಿನಿ' ಕಟ್ಟಿದರು, ಮನೆಯಿಂದ ಹೊರದೂಡಲ್ಪಟ್ಟ ಹೆಂಗಸರಿಗೆ ಆಶ್ರಯ ಕೊಟ್ಟರು. ಸತ್ಯರಾಣಿಯವರ ಮೊಕದ್ದಮೆಯಲ್ಲಿ ಅಳಿಯನ ಅಪರಾಧವನ್ನು ಹೈಕೋರ್ಟು ಎತ್ತಿಹಿಡಿದದ್ದು 2013ರಲ್ಲಿ. 34 ವರ್ಷ. ಮರುವರ್ಷ ಅವರು ಹೋದರು.

ಇನ್ನು ನಿಮ್ಮ ಮನೆಯ ಫೋಟೋ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವ ದೊಡ್ಡ ದಾಖಲೆ ಮದುವೆಯ ಆಲ್ಬಮ್. ಧಾರೆ, ದಿಬ್ಬಣ, ಮನೆ ತುಂಬಿಸುವುದು, ಎಲ್ಲ ಇದೆ. ತುಳುನಾಡಿನಲ್ಲಿ ಅಳಿಯಸಂತಾನ ನಡೆಸುತ್ತಿದ್ದ ಕುಟುಂಬಗಳಲ್ಲಿ ಹೆಣ್ಣಿಗೆ ತಾಯಿಯ ತರವಾಡಿನಲ್ಲಿ ಹಕ್ಕಿತ್ತು, ಗಂಡ ಬೇಡವಾದರೆ ಬಂದು ಸೇರಲು ಜಾಗವಿತ್ತು. ಯಜಮಾನಿಕೆ ಹೆಚ್ಚಾಗಿ ಮಾವಂದಿರದ್ದೇ, ಅದನ್ನು ಬಣ್ಣ ಹಚ್ಚಿ ಹೇಳುವುದು ಬೇಡ. ಆದರೆ ಇವತ್ತು ಅದೇ ಕುಟುಂಬಗಳಲ್ಲಿ ಪವನಿನ ಲೆಕ್ಕದಲ್ಲಿ ಚಿನ್ನ ಹಾಕಿ ಹೆಣ್ಣನ್ನು ಕಳಿಸುತ್ತಾರೆ, ವಾಪಸು ಬರುವ ಜಾಗವೂ ಇಲ್ಲ.

ಆ ಆಲ್ಬಮ್ ಇರುವುದು ಎಲ್ಲಿ? ಗಂಡನ ಮನೆಯ ಕಪಾಟಿನಲ್ಲಿ. ಹೊರಬಿದ್ದ ದಿನ ಅದೂ ಅಲ್ಲೇ. ಮೈಮೇಲೆ ಯಾವ ಸರ ಇತ್ತು, ಯಾರು ಕೊಟ್ಟರು ಎಂದು ಕೋರ್ಟಿನಲ್ಲಿ ಕೇಳಿದಾಗ ಆ ಫೋಟೋ ಬೇಕು. ಆದ್ದರಿಂದ ಒಂದು ಪ್ರತಿ ತವರಿನಲ್ಲಿ ಇರಲಿ. ಮದುವೆಯ ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮವೇ ಇದೆ: ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ, ಕೊನೆಗೆ ವಧೂವರರಿಬ್ಬರ ಸಹಿ. ಎಷ್ಟು ಮದುವೆಗಳಲ್ಲಿ ಇದನ್ನು ಮಾಡಿದ್ದು ನೋಡಿದ್ದೀರಿ? ಊಟದ ಪಟ್ಟಿ ಬರೆಯುತ್ತೇವೆ.

ಗಾಯದ ಫೋಟೋ ತೆಗೆಯುವುದಾದರೆ ಮುಖವೂ ಗಾಯವೂ ಒಂದೇ ಚಿತ್ರದಲ್ಲಿ ಬರುವಂತೆ ಒಂದು, ಹತ್ತಿರದಿಂದ ಒಂದು. ಅದೇ ದಿನ ಆಸ್ಪತ್ರೆಗೆ ಹೋಗಿ ಗಾಯದ ಪ್ರಮಾಣಪತ್ರ ಬರೆಸಿಕೊಳ್ಳಿ, ಬಿದ್ದೆ ಎಂದು ಸುಳ್ಳು ಹೇಳಬೇಡಿ. ತೆಗೆದ ಮೊಬೈಲಿನಿಂದ ಮೂಲ ಫೋಟೋ ಅಳಿಸಬೇಡಿ. ಒಬ್ಬರಿಂದೊಬ್ಬರಿಗೆ ದಾಟಿಸಿದ ಪ್ರತಿಯ ಮೇಲೆ ವಕೀಲರು ತಕರಾರು ತೆಗೆಯುತ್ತಾರೆ. ಬೀಗ ಹಾಕಿದ ಬಾಗಿಲಿನ, ಅಂಗಳಕ್ಕೆ ಎಸೆದ ಬಟ್ಟೆಬರೆಯ ಫೋಟೋವೂ ಸಾಕ್ಷಿಯೇ. ಯಾಕೆಂದರೆ 2005ರ ಕೌಟುಂಬಿಕ ದೌರ್ಜನ್ಯ ಕಾನೂನಿನ 17ನೇ ಕಲಂ ಪ್ರಕಾರ ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ, ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ಅತ್ತೆ ಮಾವನ ಹೆಸರಿನ ಮನೆಯಾದರೂ ಅವಳು ಅಲ್ಲಿ ಸಂಸಾರ ಮಾಡಿದ್ದರೆ ಆ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅಲ್ಲಿ ಅರ್ಜಿ ಕೊಡಬಹುದು. ರಾತ್ರಿ ಹೊತ್ತಾದರೆ 181ಕ್ಕೆ ಅಥವಾ 112ಕ್ಕೆ ಫೋನು ಮಾಡಿ.

ಕೊನೆಯದಾಗಿ ಒಂದು ಕೆಲಸ. ಪಣಂಬೂರಿನಿಂದ ಎದ್ದು ಬಂದಾಗ ಹರೆಯದವರಾಗಿದ್ದ ಹೆಂಗಸರು ಈಗ ಎಪ್ಪತ್ತು ದಾಟಿದ ಅಜ್ಜಿಯರು. ಮುಂದಿನ ತಿಂಗಳು ನಾಲ್ಕೈದು ಮಂದಿ ಕಾಟಿಪಳ್ಳದ ಕಡೆಗೆ ಹೋಗುವವರಿದ್ದೇವೆ. ಮೊಬೈಲು ಒಯ್ಯುತ್ತೇವೆ. ಮೊದಲು ಕೂತು ಕೇಳುವುದು, ಫೋಟೋ ಆಮೇಲೆ, ಅವರು ಒಪ್ಪಿದರೆ, ಅವರು ಹೇಳಿದ ಜಾಗದಲ್ಲಿ. ಹೆಸರು ಅವರಿಗೆ ಬೇಕಾದರೆ ಹಾಕುವುದು, ಬೇಡವಾದರೆ ಇಲ್ಲ. ತೆಗೆದ ಪ್ರತಿಯೊಂದು ಫೋಟೋದ ಪ್ರತಿಯನ್ನು ಅವರಿಗೇ ಒಯ್ದು ಕೊಡಬೇಕು, ಅದರ ಖರ್ಚನ್ನು ಗುಂಪುಗಳು ಹಂಚಿಕೊಳ್ಳಬಹುದೇ ಎಂದು ಈಗಲೇ ನಿರ್ಣಯ ಮಾಡಿ. ಬರುವವರು ಊಟ ಮುಗಿಸಿ ಹೋಗುವ ಮೊದಲು ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ.